ಆಟದ ದೋಷವು ಯಾರ ಪಾಲಿಗೆ?

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಪಟ್ಟಣಗಳು ಒಂದೇ ರೇಲ್ವೆ ಹಾದಿಯ ಮೇಲೆ ಒಂದರ ಮುಂದೊಂದಾಗಿ ಇರುವವು. ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೊರಟ ಗಾಡಿಯಲ್ಲಿ ಕುಳಿತವರು ಹಿಂದಿನ ಕಾಲಕ್ಕೆ ಮಳೆ-ಬೆಳೆಯ ಮಾತು, ಊರು-ಕೇರಿಯ ಸುದ್ದಿ, ಹೆಣ್ಣು-ಗಂಡಿನ ಸಂಬಂಧದ ವಿಚಾರಣೆ ಇವುಗಳಲ್ಲಿ ಹೊತ್ತು ಕಳೆಯುತ್ತಿದ್ದರು. ಈಗ ಅದೇ ಗಾಡಿಯಲ್ಲಿ ಹತ್ತು ಜನರಲ್ಲಿ ಎಂಟು ಜನರ ದೃಷ್ಟಿಯು ಅಂಗೈಯಗಲದ ಗಾಜಿನ ಮೇಲೆ ನೆಟ್ಟಿರುವದು. ಒಬ್ಬನು ಮಾರುಕಟ್ಟೆಯ ದರವನ್ನು ನೋಡುತ್ತಿರುವನು. ಒಬ್ಬಳು ಮಗಳ ಮುಖವನ್ನು ಕಂಡು ಮಾತಾಡುತ್ತಿರುವಳು. ಒಬ್ಬ ಹುಡುಗನು ಯಾರನ್ನೋ ಬೆನ್ನಟ್ಟಿ ಗುಂಡು ಹಾರಿಸುವ ಆಟವನ್ನು ಆಡುತ್ತಿರುವನು. ಅವನ ತಂದೆಯು ಒಂದು ಚಿತ್ರವು ಮುಗಿದೊಡನೆ ಇನ್ನೊಂದನ್ನು ಬೆರಳಿನಿಂದ ಮೇಲಕ್ಕೆ ಸರಿಸುತ್ತಿರುವನು. ಎಲ್ಲರ ಕೈಯಲ್ಲಿರುವ ಯಂತ್ರವು ಒಂದೇ; ಕಾರ್ಯಗಳು ಮಾತ್ರ ಬೇರೆ ಬೇರೆ. ಆದುದರಿಂದ ಈ ಯಂತ್ರವನ್ನು ಕುರಿತು ಜನರಲ್ಲಿ ಏಕಾಭಿಪ್ರಾಯವಿಲ್ಲದಿರುವದು ಆಶ್ಚರ್ಯವಲ್ಲ.

ಜನರ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. "ಈ ಮೊಬೈಲು ಬಂದು ಹುಡುಗರನ್ನ ಹಾಳು ಮಾಡೇತಿ" ಎಂದು ಹಿರಿಯರು ಹೇಳುವದು ಮೊದಲನೆಯದು. "ಕಾಲ ಬದಲಾಗೇತಿ, ಮೊಬೈಲು ಇಲ್ಲದವಗ ಈಗ ದಾರೀನ ಇಲ್ಲ" ಎಂದು ತರುಣರು ಹೇಳುವದು ಎರಡನೆಯದು. "ಚಾಕು ಕಾಯಿಪಲ್ಲೆ ಹೆಚ್ಚತೈತಿ, ಕೈನೂ ಕೊಯ್ಯತೈತಿ, ತಪ್ಪು ಚಾಕೂದಲ್ಲ, ಹಿಡಿದವಂದು" ಎಂಬದು ಮೂರನೆಯದು. ಈ ಮೂರನೆಯ ಮಾತು ಸುಶಿಕ್ಷಿತರ ಮನೆಗಳಲ್ಲಿ ಹೆಚ್ಚು ಮಾನ್ಯವಾಗಿರುವದು. ಯಾಕಂದರೆ ಅದರಲ್ಲಿ ಯಾವ ಪಕ್ಷಕ್ಕೂ ವಾಲದ ತೂಕವು ತೋರುವದು, ಹೇಳುವವನಿಗೆ ವಿವೇಕಿಯೆಂಬ ಹೆಸರೂ ಬರುವದು. ಆದರೆ ತೂಕವಾಗಿ ತೋರುವ ಮಾತೆಲ್ಲವೂ ಸತ್ಯವಾದ ಮಾತಲ್ಲ. ಸಾಧನವು ನಿರ್ದೋಷವಾದದ್ದು, ದೋಷವೆಲ್ಲವೂ ಉಪಯೋಗಿಸುವವನದೇ ಎಂಬ ಈ ಸಿದ್ಧಾಂತವು ಪರೀಕ್ಷೆಗೆ ನಿಲ್ಲುವದೋ ಇಲ್ಲವೋ ಎಂಬದನ್ನು ಇಲ್ಲಿ ವಿಚಾರಿಸತಕ್ಕದ್ದಿದೆ.

ಮೊದಲು ಹೊಗಳುವವರ ಪಕ್ಷಕ್ಕೆ ನ್ಯಾಯ ಸಲ್ಲಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವರ್ತಕರು ಒಂದೊಂದು ಲಾಟಿಗೆ ತಮ್ಮ ದರವನ್ನು ಗಣಕಯಂತ್ರದ ಮುಖಾಂತರ ನಮೂದಿಸುವ ಪದ್ಧತಿಯು ಬಂದ ಮೇಲೆ, ತನ್ನ ಕಾಯಿಗೆ ನಿಂತ ದರವು ರೈತನ ಕೈಯಲ್ಲಿಯ ಮೊಬೈಲಿಗೇ ಬಂದು ಮುಟ್ಟುವಂತಾಯಿತು. ಬೇರೆ ಊರಿನ ದರವನ್ನು ತಿಳಿಯದೆ, ದಲಾಲಿಯ ಮಾತನ್ನೇ ಪ್ರಮಾಣವೆಂದು ನಂಬಿ ಮಾಲು ಇಳಿಸುತ್ತಿದ್ದವನಿಗೆ ಇದು ಸಣ್ಣ ಉಪಕಾರವಲ್ಲ. 2016ರಲ್ಲಿ ಯು.ಪಿ.ಐ. ಎಂಬ ಹಣ ಪಾವತಿಯ ವ್ಯವಸ್ಥೆಯು ಆರಂಭವಾಯಿತು. ಅದೇ ವರ್ಷದ ಸಪ್ಟೆಂಬರದಲ್ಲಿ ಜಿಯೋ ಸಂಸ್ಥೆಯ ಸೇವೆಯು ಆರಂಭವಾಗಿ, ಪೈಪೋಟಿಯಿಂದ ಇಂಟರ್‌ನೆಟ್ಟಿನ ದರಗಳು ದೇಶದಲ್ಲೆಲ್ಲ ಇಳಿದವು. ಆ ಮೇಲೆ ಸಂತೆಯಲ್ಲಿ ಸೊಪ್ಪು ಮಾರುವವಳು ಕೂಡ ತಕ್ಕಡಿಯ ಪಕ್ಕಕ್ಕೆ ಒಂದು ಚೌಕಳಿ ಚಿತ್ರದ ಫಲಕವನ್ನು ಇಟ್ಟುಕೊಂಡಳು. 2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತವಾಗಿ ಶಾಲೆಗಳು ಮುಚ್ಚಿದಾಗ ಪಾಠವು ಇದೇ ಯಂತ್ರದ ಮೂಲಕ ಮನೆಗೆ ಬಂದಿತು. ಹುಡುಗರ ಕೈಗೆ ಮೊಬೈಲನ್ನು ಕೊಟ್ಟವರು ಯಾರು ಎಂದು ಈಗ ಕೇಳುವ ಎಷ್ಟೋ ಮನೆಗಳಲ್ಲಿ ಅದನ್ನು ಸಾಲ ಮಾಡಿ ತಂದುಕೊಟ್ಟವರು ತಂದೆ-ತಾಯಿಗಳೇ; ಅದೂ ವಿದ್ಯೆಯ ಸಲುವಾಗಿ. ಆದ್ದರಿಂದ ಯಂತ್ರವೇ ಅನಿಷ್ಟವೆಂಬ ಮಾತು ನಿಲ್ಲಲಾರದು.

ಹಳಿಯುವವರ ಪಕ್ಷದಲ್ಲಿ ಇನ್ನೊಂದು ದೌರ್ಬಲ್ಯವಿರುವದು. ಹೊಸದಾದ ವಿನೋದವು ಯಾವ ಕಾಲಕ್ಕೆ ಬಂದರೂ ಆ ಕಾಲದ ಹಿರಿಯರು ಅದಕ್ಕೆ ಅಂಜಿದ್ದಾರೆ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಹಾವೇರಿ ಸೀಮೆಯವರು. ತಾವು ಬರೆದ ಕಾದಂಬರಿಗಳನ್ನು ಊರೂರಿಗೆ ತಾವೇ ಹೊತ್ತು ಮಾರಿದರೆಂಬದು ಲೋಕಪ್ರಸಿದ್ಧವಾದ ಸಂಗತಿ. ಕಾದಂಬರಿಯನ್ನು ಓದುವದು ಹೊತ್ತುಗೇಡಿ ಕೆಲಸ, ಹೆಣ್ಣುಮಕ್ಕಳಂತೂ ಓದಲೇಬಾರದು ಎಂದು ಹೇಳುವ ಮನೆಗಳು ಆಗ ಕಡಿಮೆ ಇರಲಿಲ್ಲ. ಇಂದು ಅದೇ ಮನೆಗಳ ಮೊಮ್ಮಕ್ಕಳಿಗೆ "ಮೊಬೈಲು ಇಟ್ಟು ಕಾದಂಬರಿಯನ್ನಾದರೂ ಓದು" ಎಂದು ಉಪದೇಶವಾಗುತ್ತಿರುವದು. ನಾಟಕ, ಸಿನೇಮಾ, ರೇಡಿಯೋ, ದೂರದರ್ಶನ ಇವೆಲ್ಲವೂ ಸರದಿಯಂತೆ ಇದೇ ಆಕ್ಷೇಪಕ್ಕೆ ಗುರಿಯಾದವು. ಆದುದರಿಂದ ಹೊಸದೆಂಬ ಮಾತ್ರಕ್ಕೆ ಹುಟ್ಟಿದ ಭಯವು ಪ್ರಮಾಣವಾಗಲಾರದು. ದೋಷವನ್ನು ಹೇಳುವವನು ಅದು ಎಲ್ಲಿ ಇದೆ ಎಂಬದನ್ನು ತೋರಿಸಿಕೊಡಬೇಕು.

ಈಗ ಚಾಕುವಿನ ದೃಷ್ಟಾಂತವನ್ನು ನೋಡೋಣ. ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ ಒಪ್ಪಬೇಕು ಎಂಬದು ತರ್ಕದ ಮೊದಲನೆಯ ನಿಯಮ. ಅಡಿಗೆಮನೆಯ ಚಾಕು ಗೂಡಿನಲ್ಲಿ ಬಿದ್ದಿದ್ದರೆ ಬಿದ್ದೇ ಇರುವದು. ಅದು ರಾತ್ರಿ ಹನ್ನೊಂದು ಗಂಟೆಗೆ ಸದ್ದು ಮಾಡಿ ಯಜಮಾನನನ್ನು ಕರೆಯುವದಿಲ್ಲ. ನಿನ್ನೆ ಏನು ಹೆಚ್ಚಿದನೆಂಬದನ್ನು ನೆನಪಿಟ್ಟು, ಇಂದು ಅವನಿಗೆ ಪ್ರಿಯವಾದ ಕಾಯಿಪಲ್ಲೆಯನ್ನು ಎದುರಿಗೆ ತಂದಿಡುವದಿಲ್ಲ. ಎರಡು ದಿವಸ ಕೈಗೆ ತಕ್ಕೊಳ್ಳದಿದ್ದರೆ, ಈ ವರೆಗೆ ಗಳಿಸಿದ ಅಂಕಗಳು ಹೋಗುವವೆಂದು ಹೆದರಿಸುವದಿಲ್ಲ. ಚಾಕುವನ್ನು ಮಾಡಿದ ಕಮ್ಮಾರನಿಗೆ ಅದು ಮಾರಿಹೋದ ಮೇಲೆ ಸಂಬಂಧವು ತೀರಿತು. ಕೊಂಡವನು ಅದನ್ನು ದಿನಕ್ಕೆ ಎಷ್ಟು ತಾಸು ಹಿಡಿದರೂ ಕಮ್ಮಾರನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮೊಬೈಲಿನೊಳಗಿನ ಎಷ್ಟೋ ಆಟಗಳ ಮತ್ತು ಚಿತ್ರಮಾಲೆಗಳ ಸ್ಥಿತಿಯು ಇದಕ್ಕೆ ತೀರ ವಿರುದ್ಧವಾದದ್ದು. ಅವು ಬಹುಶಃ ಪುಕ್ಕಟೆಯಾಗಿ ದೊರೆಯುವವು. ಪುಕ್ಕಟೆಯಾಗಿ ಕೊಟ್ಟವನಿಗೆ ಲಾಭವು ಎಲ್ಲಿಂದ ಬರಬೇಕು? ನೋಡುವವನು ಹೆಚ್ಚು ಹೊತ್ತು ಕುಳಿತಷ್ಟೂ ಹೆಚ್ಚು ಜಾಹೀರಾತು. ಆಡುವವನು ಹೆಚ್ಚು ಸಲ ಸೋತಷ್ಟೂ ಬಣ್ಣದ ನಾಣ್ಯಗಳ ಹೆಚ್ಚು ಮಾರಾಟ. ಆದುದರಿಂದ ಆಟವನ್ನು ಬಿಡಿಸಿ ಕೊಂಡೊಯ್ಯುವ ಬಾಗಿಲುಗಳನ್ನೆಲ್ಲ ಮುಚ್ಚುವದು ಅದನ್ನು ರಚಿಸಿದವನ ಕೆಲಸದ ಒಂದು ಭಾಗವೇ ಆಗಿರುವದು. ಪುಸ್ತಕಕ್ಕೆ ಕೊನೆಯ ಪುಟವಿರುವದು, ಬಯಲಾಟಕ್ಕೆ ಮಂಗಳವಿರುವದು, ಬೆರಳಿನಿಂದ ಸರಿಸುವ ಚಿತ್ರಮಾಲೆಗೆ ಮಾತ್ರ ಕೊನೆಯೇ ಇಲ್ಲ. ಈ ಕೊನೆಯಿಲ್ಲದ ಸುರುಳಿಯನ್ನು 2006ರಲ್ಲಿ ಕಲ್ಪಿಸಿದವನೆಂದು ಹೆಸರಾದ ಅಮೇರಿಕದ ಏಜಾ ರಾಸ್ಕಿನ್ ಎಂಬ ಗೃಹಸ್ಥನೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉಪಾಯವುಂಟು. ಅಮೇರಿಕದ ಮನಶ್ಶಾಸ್ತ್ರಜ್ಞನಾದ ಬಿ.ಎಫ್. ಸ್ಕಿನ್ನರ್ ಎಂಬವನು ಪಾರಿವಾಳಗಳ ಮೇಲೆ ಪರೀಕ್ಷೆಗಳನ್ನು ಮಾಡಿದನು. ಇಂತಿಷ್ಟು ಸಲ ಕುಕ್ಕಿದರೆ ಕಾಳು ಬರುವದೆಂದು ಗೊತ್ತಿದ್ದ ಹಕ್ಕಿಯು ಕಾಳು ತಿಂದು ಸ್ವಲ್ಪ ಸುಮ್ಮನಾಗುವದು. ಎಷ್ಟನೆಯ ಸಲಕ್ಕೆ ಬರುವದೋ ತಿಳಿಯದಂತೆ ಮಾಡಿದರೆ ಆ ಹಕ್ಕಿಯು ಬಿಡದೆ ಕುಕ್ಕುತ್ತಲೇ ಇರುವದು. ಅವನೂ ಅವನ ಸಹೋದ್ಯೋಗಿಯೂ ಈ ಪರೀಕ್ಷೆಗಳ ಫಲವನ್ನು 1957ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಆಟದಲ್ಲಿಯ ಬಣ್ಣದ ಪೆಟ್ಟಿಗೆಯನ್ನು ತೆರೆಯುವ ಬಾಲಕನಿಗೆ ಒಳಗೆ ಏನಿರುವದೆಂಬದು ತಿಳಿಯದು. ತಿಳಿಯದೆಂಬ ಕಾರಣಕ್ಕಾಗಿಯೇ ಅವನು ಇನ್ನೊಂದನ್ನು ತೆರೆಯುವನು. ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ಜೂಜೇ ಆಗಿರುವವೆಂದು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ನಿರ್ಣಯಿಸಿದರು.

ಈ ಸೀಮೆಯ ಜನರಿಗೆ ಈ ತತ್ತ್ವವು ತಿಳಿಯಲು ವಿದೇಶದ ಪಾರಿವಾಳವೇ ಬೇಕೆಂದಿಲ್ಲ. ರಾಣೇಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಕೈಯಿಂದ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜಗಳನ್ನು ಬೆಳೆಯುವರು. ಬೀಜವನ್ನು ಕೊಳ್ಳುವ ಒಕ್ಕಲಿಗನು ಚೀಲವನ್ನು ಕೈಯಲ್ಲಿ ತಿರುವಿ ಚೀಟಿಯನ್ನು ಮೊದಲು ಓದುವನು. ಶೇಕಡ ಎಷ್ಟು ಮೊಳಕೆ, ಪರೀಕ್ಷೆಯಾದ ತಾರೀಖು ಯಾವದು ಎಂಬದು ಆ ಚೀಟಿಯಲ್ಲಿ ಇರಬೇಕು. ಮಾರುವವನು ಅದಕ್ಕೆ ಹೊಣೆಗಾರನು. 1966ರ ಬೀಜ ಕಾಯಿದೆಯ ಮೂಲ ಅಭಿಪ್ರಾಯವು ಇದೇ. ಬೀಜವು ಮೊಳೆಯದಿದ್ದರೆ "ಬಿತ್ತಿದವಂದ ತಪ್ಪು" ಎಂದು ಅಂಗಡಿಯವನು ಹೇಳಿದರೆ ಯಾವ ರೈತನೂ ಕೇಳಿಕೊಳ್ಳಲಾರನು. ಹೊಲಕ್ಕೆ ಹಾಕುವ ಬೀಜದ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ಗೃಹಸ್ಥನು, ಮಗನ ಮನಸ್ಸಿಗೆ ಹಾಕುವ ವಸ್ತುವಿನ ವಿಷಯದಲ್ಲಿ ಮಾತ್ರ "ಹಿಡಿದವಂದ ತಪ್ಪು" ಎಂದು ಒಪ್ಪಿಕೊಂಡು ಸುಮ್ಮನಿರುವದು ವಿಚಿತ್ರವಲ್ಲವೆ?

ಹಾಗೆಂದು ಆಟಗಳೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಬ್ಯಾಡಗಿಯ ಮೆಣಸಿನಕಾಯಿಯು ಕಣ್ಣಿಗೆ ಕಡುಕೆಂಪಾಗಿ, ಸುಕ್ಕುಗಟ್ಟಿ, ನೋಡಿದವನಿಗೆ ನಾಲಿಗೆ ಸುಟ್ಟೀತೆಂಬ ಅಂಜಿಕೆಯನ್ನು ಹುಟ್ಟಿಸುವದು. ಆದರೆ ಅದರ ಕೀರ್ತಿಯೆಲ್ಲ ಬಣ್ಣದ್ದು, ಖಾರವು ಕಡಿಮೆ. 2011ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಕದ ಮನ್ನಣೆಯೂ ಈ ಗುಣದಿಂದಲೇ. ಗುಂಟೂರಿನ ಕಡೆಯ ಕಾಯಿಗೆ ಬಣ್ಣವು ಅಷ್ಟಿಲ್ಲದಿದ್ದರೂ ಖಾರವು ಬಹಳ. ಬಣ್ಣವನ್ನು ನೋಡಿ ಖಾರವನ್ನು ಅಳೆಯುವವನು ಮಾರುಕಟ್ಟೆಯಲ್ಲಿ ಮೋಸ ಹೋಗುವನು. ಆಟಗಳ ಪರೀಕ್ಷೆಯಲ್ಲಿ ಹಿರಿಯರು ಮಾಡುವ ತಪ್ಪು ಇಂಥದೇ. ಗುಂಡು ಹಾರಿಸುವ ಆಟವನ್ನು ಕಂಡು ಅವರು ಬೆಚ್ಚಿ ಬೀಳುವರು. ಬಣ್ಣದ ಮಿಠಾಯಿಗಳನ್ನು ಸಾಲಾಗಿ ಜೋಡಿಸುವ ಆಟವನ್ನು ಕಂಡು "ಇದೇನು, ಕೂಸುಗಳ ಆಟ" ಎಂದು ಬಿಡುವರು. ನಾಲ್ಕು ಗೆಳೆಯರು ಕೂಡಿ ಅರ್ಧ ತಾಸು ಆಡಿ, ನಕ್ಕು, ಎದ್ದು ಹೋಗುವ ಗದ್ದಲದ ಆಟಕ್ಕಿಂತ, ಒಬ್ಬನೇ ಮೂಲೆಯಲ್ಲಿ ಕುಳಿತು ಐದೈದು ರೂಪಾಯಿ ತೆತ್ತು ಮುಂದಿನ ಮೆಟ್ಟಿಲನ್ನು ಏರುವ ಮೆತ್ತಗಿನ ಆಟವು ಹೆಚ್ಚು ಹಾನಿಕರವಾಗಿರಬಹುದು. ಇನ್ನು ಚದುರಂಗವನ್ನು ಇದೇ ಯಂತ್ರದಲ್ಲಿ ಕಲಿತು ದೂರದೇಶದವರೊಡನೆ ಆಡುವ ಹಳ್ಳಿಯ ಬಾಲಕನನ್ನು ಯಾರೂ ಆಕ್ಷೇಪಿಸಲಾರರು. ಆಟವು ಹೇಗೆ ಕಾಣುವದೆಂಬದಲ್ಲ, ಆಡುವವನನ್ನು ಎದ್ದು ಹೋಗಗೊಡುವದೋ ಇಲ್ಲವೋ ಎಂಬದೇ ಪರೀಕ್ಷೆ.

ಕ್ರೀಡೆಗೂ ದ್ಯೂತಕ್ಕೂ ಇರುವ ಈ ಭೇದವನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಅಕ್ಷಸೂಕ್ತವೆಂಬ ಸೂಕ್ತವಿದೆ. ಜೂಜುಗಾರನೊಬ್ಬನು ತನ್ನ ದುಃಖವನ್ನು ಅಲ್ಲಿ ತೋಡಿಕೊಳ್ಳುವನು. ಮಡದಿಯು ದೂರವಾದುದು, ಸಾಲವು ತಲೆಗೆ ಬಂದುದು, ಬಿಡುವೆನೆಂದು ನಿಶ್ಚಯಿಸಿದ ಮೇಲೂ ದಾಳಗಳ ಸದ್ದು ಕೇಳಿ ಕಾಲು ಅತ್ತಲೇ ತಿರುಗಿದುದು ಎಲ್ಲವೂ ಅಲ್ಲಿ ಬಂದಿದೆ. ಗಮನಿಸತಕ್ಕದ್ದೇನೆಂದರೆ, ಆ ಸೂಕ್ತವು ಜೂಜುಗಾರನನ್ನು ಮಾತ್ರ ವರ್ಣಿಸಿ ನಿಲ್ಲುವದಿಲ್ಲ. ದಾಳಗಳಿಗೂ ಒಂದು ಸ್ವಭಾವವಿದೆಯೆಂದು, ಅವು ಕೊಟ್ಟಂತೆ ಮಾಡಿ ಕಸಿದುಕೊಳ್ಳುವವೆಂದು ವರ್ಣಿಸುವದು. ಕೊನೆಗೆ ದಾಳವನ್ನು ಬಿಟ್ಟು ಹೊಲವನ್ನು ಸಾಗು ಮಾಡು ಎಂಬ ಉಪದೇಶವಿರುವದು. ಕೌಟಿಲ್ಯನ ಅರ್ಥಶಾಸ್ತ್ರವಾದರೋ ಇನ್ನೂ ವ್ಯಾವಹಾರಿಕವಾದದ್ದು. ಜೂಜು ಒಂದೇ ನಿಯತವಾದ ಸ್ಥಳದಲ್ಲಿ ನಡೆಯಬೇಕು; ಅದಕ್ಕೆ ಅಧ್ಯಕ್ಷನಿರಬೇಕು; ದಾಳಗಳನ್ನು ಅವನೇ ಒದಗಿಸಬೇಕು; ಕಪಟದ ದಾಳವನ್ನು ಹಾಕಿದವನಿಗೆ ದಂಡ; ಗೆಲುವಿನಲ್ಲಿ ಶೇಕಡ 5 ಸರಕಾರದ ಪಾಲು. ಅಂದರೆ ಆಡುವವನಿಗಿಂತ ಮೊದಲು ಆಡಿಸುವ ಮನೆಯ ಮೇಲೆ, ಅಲ್ಲಿಯ ಉಪಕರಣದ ಮೇಲೆ ಆತನ ದೃಷ್ಟಿಯು ಬಿದ್ದಿತು. "ದಾಳವು ನಿರ್ದೋಷ, ಎಸೆದವನದೇ ತಪ್ಪು" ಎಂಬ ಸಮಾಧಾನವು ಅವನಿಗೆ ಸಾಲಲಿಲ್ಲ.

ಧರ್ಮವಿಚಾರದಲ್ಲಿ ರೂಢವಾಗಿ ಬಂದ ಒಂದು ತತ್ತ್ವವು ಇಲ್ಲಿ ಉಪಯೋಗಕ್ಕೆ ಬರುವದು. ಯಾವ ಕರ್ಮಕ್ಕಾದರೂ ಮಾಡುವವನು, ಮಾಡಿಸುವವನು, ಪ್ರೇರಿಸುವವನು, ಅನುಮೋದಿಸುವವನು ಎಂದು ನಾಲ್ವರು ಪಾಲುಗಾರರು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಫಲವು ನಾಲ್ವರಿಗೂ ಸಲ್ಲುವದು. ಹಸ್ತಿನಾವತಿಯ ದ್ಯೂತಸಭೆಯನ್ನು ಈ ದೃಷ್ಟಿಯಿಂದ ನೋಡಿದರೆ ತತ್ತ್ವವು ಮೂರ್ತಿಮತ್ತಾಗಿ ನಿಲ್ಲುವದು. ಆಡಿ ಸೋತವನು ಧರ್ಮರಾಜ, ಆಡಿಸಿದವನು ದುರ್ಯೋಧನ, ಉಪಾಯವನ್ನು ಹೂಡಿ ಪ್ರೇರಿಸಿದವನು ಶಕುನಿ. ನಾಲ್ಕನೆಯವನಾರು? ಸಭೆಯನ್ನು ಕಟ್ಟಿಸಲು ಅಪ್ಪಣೆ ಕೊಟ್ಟು, ವಿದುರನ ಮಾತನ್ನು ಕೇಳಿಯೂ ಕೇಳದವನಂತಿದ್ದು, "ಗೆದ್ದನೇ, ಗೆದ್ದನೇ" ಎಂದು ಕುತೂಹಲದಿಂದ ವಿಚಾರಿಸುತ್ತಿದ್ದ ಧೃತರಾಷ್ಟ್ರನು. ಅವನು ದಾಳವನ್ನು ಮುಟ್ಟಲಿಲ್ಲ. ಆದರೂ ಭಾರತವನ್ನು ಓದಿದವರಾರೂ ಅವನನ್ನು ನಿರ್ದೋಷಿಯೆಂದು ಬಿಟ್ಟುಕೊಟ್ಟಿಲ್ಲ. ಗದುಗಿನ ಭಾರತದ ವಾಚನವನ್ನು ಕೇಳಿ ಬೆಳೆದ ಈ ನಾಡಿನ ಮನೆಗಳಿಗೆ ಇದು ಹೊಸ ವಿಷಯವಲ್ಲ; ಆದರೆ ಕೇಳಿದ ಕಥೆಯನ್ನು ತಮ್ಮ ಪಡಸಾಲೆಗೆ ಹಚ್ಚಿ ನೋಡಿದವರು ಮಾತ್ರ ವಿರಳ.

ಹಣದ ಜೂಜಿನ ವಿಷಯದಲ್ಲಿ ದೇಶದ ಕಾಯಿದೆಯು ಈಗ ಬಹುಮಟ್ಟಿಗೆ ಇದೇ ವಿಭಾಗವನ್ನು ಒಪ್ಪಿರುವದು. ಕರ್ನಾಟಕ ಸರಕಾರವು 2021ರಲ್ಲಿ ಆನ್‌ಲೈನ್ ಜೂಜಿನ ನಿಷೇಧಕ್ಕಾಗಿ ಪೋಲೀಸ ಕಾಯಿದೆಯನ್ನು ತಿದ್ದಿತು. ಆದರೆ 2022ರ ಫೆಬ್ರುವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ಮತ್ತು ದೈವಾಧೀನವಾದ ಆಟ ಇವುಗಳ ಭೇದವು ಆ ವಾದದ ಮುಖ್ಯ ವಿಷಯವಾಗಿತ್ತು. ಮುಂದೆ 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. ಹಣವನ್ನು ಪಣವಾಗಿಟ್ಟು ಆಡುವ ಆಟಗಳನ್ನು ಅದು, ಕೌಶಲವೆನ್ನಿ ದೈವವೆನ್ನಿ, ಒಟ್ಟಾಗಿ ನಿಷೇಧಿಸಿತು. ಅಂಥ ಆಟವನ್ನು ಒದಗಿಸುವವನಿಗೆ 3 ವರ್ಷಗಳ ವರೆಗೆ ಸೆರೆ, 1 ಕೋಟಿ ರೂಪಾಯಿಗಳ ವರೆಗೆ ದಂಡ. ಅದರ ಜಾಹೀರಾತು ಮಾಡುವವನಿಗೆ 2 ವರ್ಷಗಳ ವರೆಗೆ ಸೆರೆ, 50 ಲಕ್ಷದ ವರೆಗೆ ದಂಡ. ಹಣವನ್ನು ದಾಟಿಸಿಕೊಡುವವನಿಗೂ ಶಿಕ್ಷೆಯುಂಟು. ಆಡಿದವನಿಗೆ ಮಾತ್ರ ಶಿಕ್ಷೆಯಿಲ್ಲ. ಅವನನ್ನು ಪೀಡಿತನೆಂದೇ ಎಣಿಸಿದ್ದಾರೆ. ಮಾಡಿಸುವವನು, ಪ್ರೇರಿಸುವವನು, ಅನುಕೂಲ ಮಾಡಿಕೊಡುವವನು ಈ ಮೂವರನ್ನು ಹೊಣೆಗೆ ಹಿಡಿದು ಮಾಡಿದವನನ್ನು ಬಿಟ್ಟ ಈ ಕಾಯಿದೆಯು, ಚಾಕುವಿನ ಸಿದ್ಧಾಂತವನ್ನು ತಲೆಕೆಳಗು ಮಾಡಿತೆಂದು ಹೇಳಬಹುದು. ಆನ್‌ಲೈನ್ ಜೂಜಿನಲ್ಲಿ ಮನೆ-ಮಾರುಗಳನ್ನೂ ಕಡೆಗೆ ಪ್ರಾಣವನ್ನೂ ಕಳೆದುಕೊಂಡವರ ಸುದ್ದಿಗಳನ್ನು ಕನ್ನಡ ಪತ್ರಿಕೆಗಳಲ್ಲಿ ಓದಿದವರಿಗೆ ಇದರ ಅವಶ್ಯಕತೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಕಾಯಿದೆಯು ಮುಟ್ಟದೆ ಬಿಟ್ಟ ಎರಡು ಸಂಗತಿಗಳಿವೆ. ಒಂದು, ಹಣವನ್ನಲ್ಲದೆ ಹೊತ್ತನ್ನೇ ಪಣವಾಗಿಟ್ಟುಕೊಳ್ಳುವ ಆಟಗಳು. ಹತ್ತು ರೂಪಾಯಿ ಸೋತ ಹುಡುಗನು ಅದನ್ನು ಮುಂದೆ ದುಡಿದು ತಂದಾನು. ಹತ್ತನೆಯ ಇಯತ್ತೆಯ ವರ್ಷದಲ್ಲಿ ದಿನಕ್ಕೆ ನಾಲ್ಕು ತಾಸಿನಂತೆ ಸೋತ ಹೊತ್ತನ್ನು ತರುವ ದುಡಿಮೆಯು ಯಾವದೂ ಇಲ್ಲ. ಎರಡನೆಯದು, ನಾಲ್ಕನೆಯ ಪಾಲುಗಾರನಾದ ಅನುಮೋದಕನು. ಅವನು ಸರಕಾರದ ಕಚೇರಿಯಲ್ಲಿ ಸಿಗಲಾರನು. ಅವನು ಇರುವದು ಮನೆಯಲ್ಲಿ.

ಎರಡು ವರ್ಷದ ಕೂಸು ಉಣ್ಣಲೊಲ್ಲದು. ತಾಯಿಯು ಅದರ ಮುಂದೆ ಮೊಬೈಲನ್ನು ಹಿಡಿಯುವಳು. ಕೂಸು ಗಾಜನ್ನು ನೋಡುತ್ತ, ಬಾಯಿಗೆ ಏನು ಬಂತೆಂಬ ಅರಿವಿಲ್ಲದೆ ಉಣ್ಣುವದು. "ನಮ್ಮ ಕೂಸಿಗೆ ತಾನ ತಗದು ಹಾಡು ಹಚ್ಚಿಕೊಳ್ಳಾಕ ಬರತೈತಿ" ಎಂದು ಅಜ್ಜನು ಬಂದವರೆದುರಿಗೆ ಹೆಮ್ಮೆಯಿಂದ ಹೇಳುವನು. ಅದೇ ಅಜ್ಜನು ಹತ್ತು ವರ್ಷಗಳ ಮೇಲೆ, ಮೊಮ್ಮಗನು ಕರೆದರೆ ಓಗೊಡುವದಿಲ್ಲವೆಂದು ನೆರೆಯವರೊಡನೆ ದೂರುವನು. ತಂದೆಯು ಮನೆಗೆ ಬಂದವನೇ ಆರಾಮಕುರ್ಚಿಯಲ್ಲಿ ಕುಳಿತು ತಾಸುಗಟ್ಟಲೆ ಚಿತ್ರಗಳನ್ನು ಸರಿಸುವನು. ಮಗನು ಅದೇ ಕೆಲಸವನ್ನು ಮಾಡಿದರೆ ಗದರಿಸುವನು. ತನ್ನ ಯು.ಪಿ.ಐ. ಗುಪ್ತಸಂಖ್ಯೆಯನ್ನು ಮಗನಿಗೆ ತಿಳಿಸಿ, ಅಂಗಡಿಯ ಲೆಕ್ಕವನ್ನು ಅವನಿಂದಲೇ ಮಾಡಿಸಿ, ತಿಂಗಳ ಕೊನೆಗೆ ಹಣವು ಎಲ್ಲಿ ಹೋಯಿತೆಂದು ಕೇಳುವನು. ಇವರಲ್ಲಿ ಯಾರೂ ಕೆಟ್ಟವರಲ್ಲ. ಧೃತರಾಷ್ಟ್ರನೂ ಪುತ್ರಪ್ರೇಮವಿಲ್ಲದವನಾಗಿರಲಿಲ್ಲ, ಪುತ್ರಪ್ರೇಮದಿಂದಲೇ ಅವನು ಕುರುಡನಾದನು. ಕ್ಷಣದ ಶಾಂತಿಗಾಗಿ ಕೊಟ್ಟ ಒಪ್ಪಿಗೆಯೇ ಅನುಮೋದನ. ಅದನ್ನು ಕೊಟ್ಟವನು ಫಲ ಬಂದ ದಿವಸ ತೀರ್ಪು ಹೇಳುವವನ ಪೀಠದಲ್ಲಿ ಕುಳಿತುಕೊಳ್ಳಬಾರದು.

ಇಲ್ಲಿ ಒಂದು ಆಕ್ಷೇಪವು ಬರತಕ್ಕದ್ದು, ಅದು ಗಂಭೀರವಾದದ್ದು. ಬ್ಯಾಡಗಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ದಿನವಿಡೀ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವರು. ಘಾಟಿನಿಂದ ಕಣ್ಣು-ಮೂಗು ಉರಿಯುತ್ತಿರಲು, ಬಿಡಿಸಿದಷ್ಟಕ್ಕೆ ಕೂಲಿ. ಮಗುವನ್ನು ನೋಡಿಕೊಳ್ಳುವ ಮುದುಕರು ಮನೆಯಲ್ಲಿಲ್ಲ. ಆ ಘಾಟಿನ ಬಳಿಯಲ್ಲಿ ಮಗುವನ್ನು ಆಡಗೊಡುವಂತಿಲ್ಲ. ಅವಳು ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ಮೂಲೆಯಲ್ಲಿ ಕೂಡ್ರಿಸಿದರೆ ಅವಳನ್ನೂ ಧೃತರಾಷ್ಟ್ರನ ಸಾಲಿನಲ್ಲಿ ನಿಲ್ಲಿಸಬೇಕೆ? ಹಾಗೆ ನಿಲ್ಲಿಸುವ ಧರ್ಮಶಾಸ್ತ್ರವು ಧರ್ಮಶಾಸ್ತ್ರವೇ ಅಲ್ಲ. ನಾಲ್ವರು ಪಾಲುಗಾರರೆಂದರೆ ನಾಲ್ವರ ಪಾಲುಗಳೂ ಎಲ್ಲೆಡೆಯಲ್ಲಿ ಸಮವೆಂದು ಅರ್ಥವಲ್ಲ. ಅರಿವೂ ಶಕ್ತಿಯೂ ಎಷ್ಟೋ, ಹೊಣೆಯೂ ಅಷ್ಟು. ಬೇರೆ ದಾರಿಯಿದ್ದೂ ಸುಲಭದ ದಾರಿಯನ್ನು ಹಿಡಿದವನ ಅನುಮೋದನೆಗೂ, ದಾರಿಯೇ ಇಲ್ಲದವಳ ಅನುಮೋದನೆಗೂ ಬಹಳ ಅಂತರವಿರುವದು. ಇದರಿಂದ ಹೊರಡುವ ತಾತ್ಪರ್ಯವು ಸುಶಿಕ್ಷಿತರಿಗೆ ಅಷ್ಟು ಹಿತಕರವಾದದ್ದಲ್ಲ: ಪುಸ್ತಕವಿದ್ದು, ಅಂಗಳವಿದ್ದು, ಹಿರಿಯರಿದ್ದು, ಬಿಡುವಿದ್ದು, ಆ ಮೇಲೆ ಮಗುವನ್ನು ಯಂತ್ರಕ್ಕೆ ಒಪ್ಪಿಸಿದ ಮನೆಗಳ ಪಾಲೇ ದೊಡ್ಡದು. ಆ ಕೂಲಿಯವಳ ಮಗುವಿಗೆ ಬೇಕಾದದ್ದು ಉಪದೇಶವಲ್ಲ. ಹಗಲಲ್ಲಿ ಅದನ್ನು ನೋಡಿಕೊಳ್ಳುವ ಒಂದು ಜಾಗ.

ಹಾಗಾದರೆ ಮಾಡುವವನ ಪಾಲು ಶೂನ್ಯವೆ? ಅಲ್ಲ. ಧರ್ಮರಾಜನು ತಾನು ಆಡಿದ್ದಕ್ಕೆ ಹನ್ನೆರಡು ವರ್ಷ ವನವಾಸವನ್ನು ತಾನೇ ಅನುಭವಿಸಿದನು. ಶಕುನಿಯ ಮೇಲೆ ಹೇರಿ ಜಾರಿಕೊಳ್ಳಲಿಲ್ಲ. ತಪ್ಪೆಲ್ಲ ಯಂತ್ರದ್ದೆಂದು ತರುಣನಿಗೆ ಹೇಳಿಕೊಟ್ಟರೆ ಅವನ ಕೈಯಿಂದ ಪೌರುಷವನ್ನು ಕಸಿದುಕೊಂಡಂತಾಗುವದು. ತನ್ನನ್ನು ಕಟ್ಟಿಹಾಕಲು ಎಂಥ ಹಗ್ಗವನ್ನು ಹೊಸೆದಿದ್ದಾರೆಂಬದನ್ನು ಅವನಿಗೆ ತೋರಿಸಬೇಕು. ತೋರಿಸಿದ ಮೇಲೆ ಅದನ್ನು ಬಿಚ್ಚಿಕೊಳ್ಳುವದು ಅವನ ಕೆಲಸವೆಂದೂ ಹೇಳಬೇಕು. ಕೆಲವರ ಮಟ್ಟಿಗೆ ಮಾತ್ರ ಹಗ್ಗವು ತಾನಾಗಿ ಬಿಚ್ಚಲಾರದಷ್ಟು ಬಿಗಿದಿರುವದು. ಆಟದ ಮೇಲೆ ಹತೋಟಿಯು ತಪ್ಪುವದು, ಉಳಿದೆಲ್ಲ ಕೆಲಸಗಳಿಗಿಂತ ಅದೇ ಮುಂದಾಗುವದು, ಹಾನಿಯು ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವದು ಈ ಮೂರು ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷ ಬಿಡದೆ ಕಂಡುಬಂದರೆ ಅದನ್ನು ರೋಗವೆಂದೇ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿತು. ಆ ರೋಗಪಟ್ಟಿಯು 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿ 2014ರಲ್ಲಿಯೇ ಒಂದು ಚಿಕಿತ್ಸಾಲಯವನ್ನು ತೆರೆದಿತ್ತು. ರೋಗಿಯನ್ನು ಬಯ್ಯುವದರಿಂದ ರೋಗವು ವಾಸಿಯಾಗದು. ರೋಗವಿಲ್ಲದವನನ್ನು ರೋಗಿಯೆಂದು ಕರೆಯುವದರಿಂದಲೂ ಉಪಯೋಗವಿಲ್ಲ. ಸಂಜೆಯ ಹೊತ್ತು ಒಂದು ತಾಸು ಆಡಿ ಎದ್ದು ಬರುವ ಬಾಲಕನಿಗೆ ಯಾವ ಚಿಕಿತ್ಸೆಯೂ ಬೇಡ.

ಮನೆಗಳು ಮಾಡತಕ್ಕದ್ದೇನೆಂಬದಕ್ಕೆ ದೂರ ಹೋಗಬೇಕಾದುದಿಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಗ್ರಾಮದಲ್ಲಿ 2022ರಲ್ಲಿ ಒಂದು ನಿಯಮವನ್ನು ಮಾಡಿದರು. ಸಾಯಂಕಾಲ 7 ಗಂಟೆಗೆ ಗುಡಿಯಿಂದ ಭೋಂಗಾ ಕೂಗಿದೊಡನೆ ಮನೆಮನೆಗಳಲ್ಲಿ ಟಿ.ವಿ., ಮೊಬೈಲುಗಳನ್ನು ಬಂದು ಮಾಡುವದು; ಒಂದೂವರೆ ತಾಸಿನ ಮೇಲೆ ಎರಡನೆಯ ಕೂಗು. ಬೆಳಗಾವಿಯ ಸಮೀಪದ ಹಲಗಾ ಗ್ರಾಮದವರು 2024ರ ಡಿಸೆಂಬರಿನಲ್ಲಿ ಸಾಂಗಲಿ ಸೀಮೆಯ ಇಂಥ ಮಾದರಿಯನ್ನೇ ಹಿಡಿದು ಸಂಜೆ 7ರಿಂದ 9ರ ವರೆಗಿನ ಹೊತ್ತನ್ನು ಗೊತ್ತುಪಡಿಸಿದರು. ಈ ನಿಯಮದ ಶಕ್ತಿಯು ಭೋಂಗಾದಲ್ಲಿಲ್ಲ. ಅದು ಹಿರಿಯ-ಕಿರಿಯರೆಂಬ ಭೇದವಿಲ್ಲದೆ ಎಲ್ಲರನ್ನೂ ಕಟ್ಟುವದೆಂಬದರಲ್ಲಿ ಇರುವದು. ಮಗನು ಪುಸ್ತಕ ತೆರೆದಾಗ ತಂದೆಯ ಕೈಯೂ ಬರಿದಾಗಿರುವದು. ಹೇಳುವವನು ತಾನೂ ನಡೆದುಕೊಳ್ಳುವ ನಿಯಮವು ಶಿಸ್ತೆನಿಸುವದು. ತನಗೊಂದು, ಮಗನಿಗೊಂದು ಎಂಬ ನಿಯಮವು ಬರಿಯ ದರ್ಪವೆನಿಸುವದು, ಹುಡುಗರು ಅದನ್ನು ಬೇಗನೆ ಗುರುತಿಸುವರು.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಗೃಹಸ್ಥರು ಇಂಥ ಸಾಮೂಹಿಕ ಕಟ್ಟಳೆಯನ್ನು ಮಾಡುವದು ಅಥವಾ ಬಿಡುವದು ಅವರವರ ಊರಿನ ಅನುಕೂಲಕ್ಕೆ ಸೇರಿದ್ದು. ಒಂದೊಂದು ಮನೆಯಲ್ಲಿ ಒಂದು ತಾಸಿನ ಮಟ್ಟಿಗೆ ಅದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆಟವನ್ನು ರಚಿಸಿದವನನ್ನು ಕಾಯಿದೆಯು ವಿಚಾರಿಸಲಿ. ಜಾಹೀರಾತಿನಲ್ಲಿ ಕುಣಿದವನನ್ನು ಲೋಕವು ವಿಚಾರಿಸಲಿ. ಆಡಿದ ಮಗನನ್ನು ವಿಚಾರಿಸುವ ಮುನ್ನ ತಂದೆಯು, ಆ ಯಂತ್ರವು ಮಗನ ಕೈಗೆ ಯಾವ ದಿವಸ, ಯಾರಿಂದ, ಯಾರ ನೆಮ್ಮದಿಯ ಸಲುವಾಗಿ ಹೋಯಿತೆಂಬದನ್ನು ಒಮ್ಮೆ ನೆನೆದುಕೊಳ್ಳಲಿ. ಆ ಮೇಲೆ ಅವನು ಮಗನೊಡನೆ ಆಡುವ ಮಾತು ಬೇರೆಯಾಗಿರುವದು. ಅದನ್ನು ಮಗನು ಕೇಳುವ ಸಂಭವವೂ ಹೆಚ್ಚು.